ಧ್ರುವಕ್ಕೆ ಹೋದ ಅಪ್ಪ, ಲೆಕ್ಕಕ್ಕೆ ಸಿಗದ ಅವ್ವ

ಉತ್ತರ ಧ್ರುವವನ್ನು ಮೊದಲು ಮುಟ್ಟಿದವರು ಯಾರು? ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಜ್ಞಾನದ ಪುಸ್ತಕ ತೆಗೆದರೆ ಉತ್ತರ ಒಂದೇ ಸಾಲು: ರಾಬರ್ಟ್ ಪಿಯರಿ, ಅಮೆರಿಕ, 1909. ಮುಂದಿನ ಪ್ರಶ್ನೆ ದಕ್ಷಿಣ ಧ್ರುವದ್ದು. ಅಮುಂಡ್‌ಸೆನ್, ನಾರ್ವೆ, 1911. ಅದರ ಮುಂದಿನದು ಎವರೆಸ್ಟ್. ಅಲ್ಲಿ ಮಾತ್ರ ಎರಡು ಹೆಸರು ಇರುತ್ತೆ, ಹಿಲರಿ ಮತ್ತು ತೇನ್‌ಸಿಂಗ್. ತೇನ್‌ಸಿಂಗ್ ನಮ್ಮ ಕಡೆಯವರು ಅನ್ನೋ ಅಭಿಮಾನಕ್ಕೆ ನಾವು ಆ ಎರಡನೇ ಹೆಸರನ್ನು ಬಿಟ್ಟುಕೊಡಲಿಲ್ಲ. ಪಿಯರಿಯ ಪಕ್ಕದಲ್ಲಿ ನಿಂತವರ ಹೆಸರು ಕೇಳೋಕೆ ಆ ಥರ ಯಾರೂ ಇರಲಿಲ್ಲ.

ಲೆಕ್ಕ ಹಾಕಿ ನೋಡೋಣ. ಕೆನಡಾದ ಉತ್ತರ ತುದಿಯ ಕೇಪ್ ಕೊಲಂಬಿಯಾದಿಂದ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಹೊರಟಾಗ ಆ ತಂಡದಲ್ಲಿ 24 ಜನ, 19 ಜಾರುಬಂಡಿ, 133 ನಾಯಿ ಇದ್ದವು. ದಾರಿಯುದ್ದಕ್ಕೂ ಒಂದೊಂದೇ ಗುಂಪನ್ನು ವಾಪಸ್ ಕಳಿಸುತ್ತಾ ಹೋಗಿ, 1909ರ ಏಪ್ರಿಲ್ 6ರಂದು ಕೊನೆಯ ಬಿಡಾರದಲ್ಲಿ ಉಳಿದವರು ಆರು ಜನ. ಪಿಯರಿ. ಅವನ ಜೊತೆ 20 ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ್ದ ಕಪ್ಪು ಅಮೆರಿಕನ್ ಮ್ಯಾಥ್ಯೂ ಹೆನ್ಸನ್. ಮತ್ತೆ ನಾಲ್ವರು ಇನುಯಿಟ್ ಜನ: ಊಟಾ, ಎಗಿಂಗ್ವಾ, ಸೀಗ್ಲೂ, ಊಕೇಯಾ. ಆರು ಜನ ಹೋದ ಜಾಗಕ್ಕೆ ಒಬ್ಬನೇ ಹೋದ ಅಂತ ನೂರು ವರ್ಷ ಬರೆದುಕೊಂಡು ಬಂದಿದ್ದು ಹೇಗೆ? ಆಮೇಲೆ ಆ ಉಳಿದವರ ಮಕ್ಕಳು ಮೊಮ್ಮಕ್ಕಳು ತಮ್ಮ ಹಿರಿಯರನ್ನು ಹೇಗೆ ನೆನಪಿಟ್ಟುಕೊಂಡರು? ಇದಕ್ಕೆ ಉತ್ತರ ಹುಡುಕುತ್ತಾ ನಾಲ್ಕು ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡೋದು ಈ ಬರಹದ ಉದ್ದೇಶ. ನಾಲ್ಕೂ ಇಂಗ್ಲಿಷಿನವು. ಓದುತ್ತಾ ಹೋದ ಹಾಗೆ ಮಾಗಡಿ ಕಡೆಯ ನಮ್ಮ ಮನೆಯ ಲೆಕ್ಕವೂ ಮಧ್ಯೆ ಬಂತು, ಅದನ್ನೂ ಹೇಳ್ತೀನಿ.

ಮೊದಲೇ ಒಂದು ಮಾತು. ಆ ಆರು ಜನ ನಿಜವಾಗಿ ಧ್ರುವಕ್ಕೆ ಹೋಗಿದ್ದರಾ ಅನ್ನೋದೇ ಈಗ ಅನುಮಾನ. ಕೊನೆಯ ಹಂತದಲ್ಲಿ ಕ್ಯಾಪ್ಟನ್ ಬಾಬ್ ಬಾರ್ಟ್ಲೆಟ್‌ನನ್ನು ವಾಪಸ್ ಕಳಿಸಿದ ಮೇಲೆ, ಸೂರ್ಯನ ಎತ್ತರ ಅಳೆದು ಸ್ಥಾನ ಗುರುತಿಸಿ ಪಿಯರಿಯ ಲೆಕ್ಕವನ್ನು ತಾಳೆ ನೋಡಬಲ್ಲ ಬೇರೆ ಅಧಿಕಾರಿ ಅಲ್ಲಿ ಇರಲಿಲ್ಲ. ಅಲ್ಲಿಂದ ಮುಂದೆ ದಿನಕ್ಕೆ ಕ್ರಮಿಸಿದ ದೂರ ಇದ್ದಕ್ಕಿದ್ದಂತೆ ಏರುತ್ತೆ. ತಾನೇ 1969ರಲ್ಲಿ ನಾಯಿಬಂಡಿ ಹೊಡೆದುಕೊಂಡು ಧ್ರುವ ಮುಟ್ಟಿದ್ದ ವಾಲಿ ಹರ್ಬರ್ಟ್, ಪಿಯರಿಯ ದಾಖಲೆಗಳನ್ನು ನೋಡಿ 1989ರ ತನ್ನ ಪುಸ್ತಕದಲ್ಲಿ ಪಿಯರಿ ಧ್ರುವ ತಲುಪಿರಲಿಕ್ಕಿಲ್ಲ ಅನ್ನೋ ತೀರ್ಮಾನಕ್ಕೆ ಬಂದ. ಇಲ್ಲ, ತಲುಪಿದ್ದ ಅಂತ ವಾದಿಸೋರೂ ಇದ್ದಾರೆ. ಅಂದರೆ ನಮ್ಮ ಸಾಮಾನ್ಯ ಜ್ಞಾನದ ಆ ಒಂದು ಸಾಲಿನಲ್ಲಿ ಹೋದವರ ಸಂಖ್ಯೆಯೂ ತಪ್ಪು, ಹೋಗಿದ್ದೂ ಖಾತ್ರಿ ಇಲ್ಲ.

ಮೊದಲನೆಯ ಪುಸ್ತಕ ಪಿಯರಿಯದೇ, 'ದಿ ನಾರ್ತ್ ಪೋಲ್', 1910. ಅಚ್ಚುಕಟ್ಟಾದ ಪುಸ್ತಕ. ಹಡಗು, ಆಹಾರ, ನಾಯಿಗಳು, ಬಟ್ಟೆ, ಎಲ್ಲದಕ್ಕೂ ಯೋಜನೆ ಇದೆ. ಒಳ್ಳೆ ಪ್ರಾಜೆಕ್ಟ್ ಮ್ಯಾನೇಜರ್ ಬರೆದ ರಿಪೋರ್ಟ್ ಥರ ಓದಿಸಿಕೊಂಡು ಹೋಗುತ್ತೆ. ಕೊನೆಯ ಓಟಕ್ಕೆ ಹೆನ್ಸನ್‌ನನ್ನೇ ಯಾಕೆ ಆರಿಸಿಕೊಂಡೆ ಅನ್ನೋದಕ್ಕೆ ಪಿಯರಿ ಎರಡು ಕಾರಣ ಕೊಡ್ತಾನೆ. ಒಂದು, ಇನುಯಿಟ್ ಜನರನ್ನು ಬಿಟ್ಟರೆ ನಾಯಿಬಂಡಿ ಹೊಡೆಯೋದರಲ್ಲಿ ಹೆನ್ಸನ್‌ನಷ್ಟು ಪಳಗಿದವರು ಇಲ್ಲ. ಇದು ಸರಿ. ಎರಡನೆಯದು ಓದಿದರೆ ಮೈ ಉರಿಯುತ್ತೆ. ಹೆನ್ಸನ್‌ನನ್ನು ಮಧ್ಯದಲ್ಲಿ ವಾಪಸ್ ಕಳಿಸಿದ್ದರೆ, ಬಿಳಿಯರ ಹಾಗೆ ಸ್ವಂತ ಧೈರ್ಯ, ಸ್ವಂತ ಬುದ್ಧಿ ಅವನ ಜನಾಂಗಕ್ಕೆ ಇಲ್ಲದ ಕಾರಣ ಒಂದು ಗುಂಪನ್ನು ಕಟ್ಟಿಕೊಂಡು ದಡ ಸೇರುತ್ತಿದ್ದ ಅನ್ನೋ ನಂಬಿಕೆ ತನಗಿರಲಿಲ್ಲ ಅನ್ನೋ ಅರ್ಥದ ಮಾತು ಅದು. ಇಪ್ಪತ್ತು ವರ್ಷ ಯಾರ ಕೈಯಲ್ಲಿ ತನ್ನ ಪ್ರಾಣ ಇಟ್ಟಿದ್ದನೋ ಅವನ ಬಗ್ಗೆ ಬರೆದ ಮಾತು.

ಪುಸ್ತಕ ವಿಮರ್ಶೆ ಮಾಡೋರು ಇಂಥ ಕಡೆ "ಅದು ಆ ಕಾಲದ ಮಾತು ಬಿಡಿ" ಅಂತ ಮುಂದೆ ಹೋಗ್ತಾರೆ. ಅದು ಅಷ್ಟು ಸುಲಭವಾಗಿ ಮುಗಿಯೋದಿಲ್ಲ. ಈ ಸಾಲು ಪುಸ್ತಕದ ಅಂಚಿನಲ್ಲಿ ಬಿದ್ದ ಕಲೆ ಅಲ್ಲ, ಪುಸ್ತಕ ನಿಂತಿರೋದೇ ಅದರ ಮೇಲೆ. ಪಕ್ಕದವನಿಗೆ ಸ್ವಂತ ಬುದ್ಧಿ ಇದೆ ಅಂತ ಒಪ್ಪಿಕೊಂಡರೆ "ನಾನು ಕಂಡುಹಿಡಿದೆ" ಅನ್ನೋ ವಾಕ್ಯ "ನಾವು ಹೋದೆವು" ಅಂತ ಆಗಿಬಿಡುತ್ತೆ. ಏಕವಚನ ಉಳಿಯಬೇಕಾದರೆ ಉಳಿದ ಐದು ಜನ ಕೈಕಾಲುಗಳಾಗಿ ಮಾತ್ರ ಇರಬೇಕು.

ಎರಡನೆಯದು ಹೆನ್ಸನ್ 1912ರಲ್ಲಿ ಪ್ರಕಟಿಸಿದ ಆತ್ಮಕಥೆ, 'ಎ ನೀಗ್ರೋ ಎಕ್ಸ್‌ಪ್ಲೋರರ್ ಅಟ್ ದಿ ನಾರ್ತ್ ಪೋಲ್'. ಹೆಸರಿನಲ್ಲಿರುವ ಪದ ಈಗ ಬಳಕೆಯಲ್ಲಿಲ್ಲ, ಆಗ ಇತ್ತು. ಮುನ್ನುಡಿ ಪಿಯರಿಯದು, ಪರಿಚಯ ಬುಕರ್ ಟಿ. ವಾಷಿಂಗ್ಟನ್‌ದು. ಹೆನ್ಸನ್ ಹುಟ್ಟಿದ್ದು 1866ರಲ್ಲಿ, ಮೇರಿಲ್ಯಾಂಡಿನಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು, ಹನ್ನೆರಡರ ಆಸುಪಾಸಿನಲ್ಲಿ ಹಡಗು ಹತ್ತಿ, ಓದು ಬರಹ ಕಲಿತಿದ್ದು ಹಡಗಿನ ಕ್ಯಾಪ್ಟನ್‌ನಿಂದ. 1887ರಲ್ಲಿ ವಾಷಿಂಗ್ಟನ್ ಊರಿನ ಟೋಪಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಪಿಯರಿಯ ಪರಿಚಯ. ಮೊದಲು ಸೇರಿದ್ದು ಆಳಾಗಿ. ಆಮೇಲೆ ಬಂಡಿ ಕಟ್ಟೋದು, ನಾಯಿ ಪಳಗಿಸೋದು, ಇಗ್ಲೂ ಕಟ್ಟೋದು, ಇನುಯಿಟ್ ಭಾಷೆ, ಎಲ್ಲಾ ಕಲಿತ. ತಂಡದಲ್ಲಿ ಆ ಭಾಷೆಯನ್ನು ಚೆನ್ನಾಗಿ ಆಡುತ್ತಿದ್ದವನು ಅವನೇ.

ಈ ಪುಸ್ತಕದಲ್ಲಿ ಎರಡು ಜಾಗ ಮರೆಯೋಕೆ ಆಗಲ್ಲ. ಮೊದಲನೆಯದು, ಹಿಮದ ಹಾಳೆ ಜಾರಿ ಹೆನ್ಸನ್ ಕೊರೆಯುವ ನೀರಿಗೆ ಬೀಳೋದು. ಹಿಡಿದು ಮೇಲೆತ್ತಿದವನು ಊಟಾ. ಹೆನ್ಸನ್ ಅದನ್ನು ಸುತ್ತುಬಳಸಿಲ್ಲದೆ, ಹೆಸರು ಹಿಡಿದು, ಉಪಕಾರ ಸ್ಮರಿಸಿ ಬರೀತಾನೆ. ಎರಡನೆಯದು ಧ್ರುವದ ಬಿಡಾರದ್ದು. ಕೆಲಸ ಮುಗೀತು ಅಂತ ಗೊತ್ತಾದ ಮೇಲೆ ಹೆನ್ಸನ್ ಬಲಗೈಯ ಗವಸು ತೆಗೆದು, ಅಭಿನಂದಿಸೋಕೆ ಅಂತ ಪಿಯರಿಯ ಕಡೆಗೆ ಕೈ ಚಾಚುತ್ತಾನೆ. ಆ ಕ್ಷಣಕ್ಕೇ ಗಾಳಿಗೆ ಕಣ್ಣಿಗೆ ಏನೋ ಬಿತ್ತೋ, ಇಲ್ಲಾ ಬಿಸಿಲನ್ನು ನೋಡಿ ನೋಡಿ ಕಣ್ಣು ಉರಿಯಿತೋ, ಪಿಯರಿ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಆಚೆ ತಿರುಗಿಬಿಡ್ತಾನೆ. ಹೆನ್ಸನ್ ಎರಡು ಕಾರಣ ಕೊಟ್ಟು ಸುಮ್ಮನಾಗ್ತಾನೆ. ಮೂರನೆಯ ಕಾರಣವನ್ನು ಅವನು ಬರೆಯಲ್ಲ. ತನಗೆ ಮುನ್ನುಡಿ ಬರೆದುಕೊಟ್ಟವನ ಬಗ್ಗೆ, 1912ರ ಅಮೆರಿಕದಲ್ಲಿ, ಒಬ್ಬ ಕಪ್ಪು ಮನುಷ್ಯ ಅದಕ್ಕಿಂತ ಹೆಚ್ಚು ಏನು ಬರೆಯೋಕೆ ಸಾಧ್ಯವಿತ್ತು? ಬರೆಯದೇ ಬಿಟ್ಟ ಆ ಜಾಗದಲ್ಲೇ ಅವನ ಬರವಣಿಗೆಯ ಘನತೆ ಇದೆ ಅಂತ ನನ್ನ ಅಭಿಪ್ರಾಯ.

ಆಮೇಲಿನ ಕಥೆ ನಿಮಗೆ ಊಹೆಗೆ ಸಿಗುತ್ತೆ. ಪಿಯರಿ ರಿಯರ್ ಅಡ್ಮಿರಲ್ ಆದ. ಹೆನ್ಸನ್ 1913ರಲ್ಲಿ ನ್ಯೂಯಾರ್ಕಿನ ಸುಂಕದ ಕಚೇರಿಯಲ್ಲಿ ಸಣ್ಣ ನೌಕರಿಗೆ ಸೇರಿ 1936ರಲ್ಲಿ ರಿಟೈರ್ ಆದ. ಎಕ್ಸ್‌ಪ್ಲೋರರ್ಸ್ ಕ್ಲಬ್ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿದ್ದು 1937ರಲ್ಲಿ, ಅಂದರೆ 28 ವರ್ಷ ಆದ ಮೇಲೆ. 1955ರಲ್ಲಿ ತೀರಿಕೊಂಡಾಗ ಅವನನ್ನು ನ್ಯೂಯಾರ್ಕಿನ ವುಡ್‌ಲಾನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಪಿಯರಿಯ ಸಮಾಧಿ ಆರ್ಲಿಂಗ್ಟನ್‌ನಲ್ಲಿ, ದೇಶದ ವೀರರ ಸ್ಮಶಾನದಲ್ಲಿ, ಮೇಲೊಂದು ಕಲ್ಲಿನ ಭೂಗೋಳ ಇಟ್ಟುಕೊಂಡು ಇದೆ.

ಆದರೆ ಹೆನ್ಸನ್ ಪುಸ್ತಕಕ್ಕೂ ಒಂದು ದೊಡ್ಡ ಕೊರತೆ ಇದೆ. ಅವನಿಗೆ ಗ್ರೀನ್‌ಲ್ಯಾಂಡಿನಲ್ಲಿ ಒಬ್ಬ ಮಗ ಇದ್ದ. 1906ರಲ್ಲಿ ಹುಟ್ಟಿದ ಅನೌಕಾಕ್. ತಾಯಿ ಅಕಾಟಿಂಗ್ವಾ ಅನ್ನೋ ಇನುಯಿಟ್ ಹೆಂಗಸು. ಅದೇ ವರ್ಷ ಪಿಯರಿಗೂ ಅಲೆಕಾಸಿನಾ ಎಂಬಾಕೆಯಲ್ಲಿ ಕಾಲಿ ಅನ್ನೋ ಮಗ ಹುಟ್ಟಿದ. ಊಟಾ ಕೈ ಹಿಡಿದು ಎತ್ತಿದ್ದನ್ನು ಅಷ್ಟು ಪ್ರೀತಿಯಿಂದ ಬರೆದ ಮನುಷ್ಯ ತನ್ನ ಹೆಂಡತಿಯಂತೆ ಬದುಕಿದವಳ ಬಗ್ಗೆ, ಮಗನ ಬಗ್ಗೆ ಬರೆಯಲಿಲ್ಲ. 1909ರಲ್ಲಿ ಹೊರಟು ಬಂದವನು ಮತ್ತೆ ಆ ಕಡೆಗೆ ಹೋಗಲೂ ಇಲ್ಲ. ಅನ್ಯಾಯಕ್ಕೆ ಒಳಗಾದವನು ಇನ್ನೊಬ್ಬರಿಗೆ ಅನ್ಯಾಯ ಮಾಡೋದಿಲ್ಲ ಅಂತ ನಾವು ಅಂದುಕೊಳ್ಳೋದು ನಮ್ಮ ಆಸೆ ಅಷ್ಟೇ. ಹಸಿವು, ಚಳಿ, ಬೆವರು ಎಲ್ಲಾ ಪುಸ್ತಕಕ್ಕೆ ಬಂತು, ಮನೆ ಬರಲಿಲ್ಲ. ಆ ತುಪ್ಪಳದ ಬಟ್ಟೆ ಹೊಲಿದುಕೊಟ್ಟವರು ಇನುಯಿಟ್ ಹೆಂಗಸರು. ಆ ಹೊಲಿಗೆ ಒಂದು ಕಡೆ ಬಿಟ್ಟಿದ್ದರೂ ಗಂಡಸರ ಕೈಕಾಲು ಹೋಗುತ್ತಿತ್ತು. ಪಿಯರಿ ಅಂತೂ ಹಿಂದಿನ ಒಂದು ಯಾತ್ರೆಯಲ್ಲೇ ಹಿಮಕ್ಕೆ ಎಂಟು ಕಾಲ್ಬೆರಳು ಕಳೆದುಕೊಂಡಿದ್ದ.

ಮೂರನೆಯ ಪುಸ್ತಕ ಈ ಕೊರತೆಯನ್ನು ತುಂಬಲು ಹೊರಟಿದ್ದು. ಹಾರ್ವರ್ಡಿನ ನರವಿಜ್ಞಾನಿ, ತಾನೂ ಕಪ್ಪು ಅಮೆರಿಕನ್ ಆದ ಎಸ್. ಅಲೆನ್ ಕೌಂಟರ್ 1991ರಲ್ಲಿ ಬರೆದ 'ನಾರ್ತ್ ಪೋಲ್ ಲೆಗಸಿ'. ಗ್ರೀನ್‌ಲ್ಯಾಂಡಿನಲ್ಲಿ ಕಪ್ಪು ಮೈಬಣ್ಣದ ಇನುಯಿಟ್ ಜನ ಇದ್ದಾರಂತೆ ಅನ್ನೋ ಸುದ್ದಿಯ ಬೆನ್ನು ಹತ್ತಿ 1986ರಲ್ಲಿ ಕೌಂಟರ್ ಅಲ್ಲಿಗೆ ಹೋದರು. ಅನೌಕಾಕ್ ಸಿಕ್ಕಿದರು, ಕಾಲಿಯೂ ಸಿಕ್ಕಿದರು. ಇಬ್ಬರಿಗೂ ಎಂಬತ್ತು ವಯಸ್ಸು. ಇಬ್ಬರಿಗೂ ಅಪ್ಪ ಯಾರು ಅಂತ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಗೊತ್ತಿಲ್ಲದೇ ಇದ್ದಿದ್ದು ಅಮೆರಿಕಕ್ಕೆ ಮಾತ್ರ. ಅನೌಕಾಕ್ ಅವರ ಆಸೆ ಎರಡೇ: ಅಪ್ಪನ ಕಡೆಯವರನ್ನು ನೋಡಬೇಕು, ಅಪ್ಪನ ಗೋರಿ ನೋಡಬೇಕು. 1987ರಲ್ಲಿ ಕೌಂಟರ್ ಇಬ್ಬರನ್ನೂ ಅಮೆರಿಕಕ್ಕೆ ಕರೆಸಿದರು. ಹೆನ್ಸನ್ ಕಡೆಯ ಬಂಧುಗಳು ಬಂದು ಅಪ್ಪಿಕೊಂಡರು. ಅನೌಕಾಕ್ ವುಡ್‌ಲಾನ್‌ನಲ್ಲಿ ಅಪ್ಪನ ಗೋರಿಯ ಮುಂದೆ ನಿಂತರು. ಊರಿಗೆ ವಾಪಸ್ ಹೋದ ಅವರು ಅದೇ ವರ್ಷ ತೀರಿಕೊಂಡರು. ಮಾರನೇ ವರ್ಷ, 1988ರ ಏಪ್ರಿಲ್ 6ರಂದು, ಹೆನ್ಸನ್ ಅವಶೇಷಗಳನ್ನು ಆರ್ಲಿಂಗ್ಟನ್‌ಗೆ ತಂದು ಸೇನಾ ಮರ್ಯಾದೆಯೊಂದಿಗೆ ಮತ್ತೆ ಮಣ್ಣು ಮಾಡಲಾಯಿತು. ಪಕ್ಕದಲ್ಲಿ ಅಮೆರಿಕದ ಹೆಂಡತಿ ಲೂಸಿ.

ಈ ಪುಸ್ತಕ ಓದಿ ಕಣ್ಣು ಒದ್ದೆಯಾಗದೇ ಇರೋದು ಕಷ್ಟ. ಎಂಬತ್ತು ವರ್ಷದ ಮಗ ಅಪ್ಪನ ಊರು ನೋಡೋಕೆ ಹೋಗೋದು ಯಾವ ಭಾಷೆಯಲ್ಲಾದರೂ ದೊಡ್ಡ ಕಥೆಯೇ. ಕೌಂಟರ್ ಹಟ ಹಿಡಿಯದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೂ ವಿಮರ್ಶೆ ಅಂದಮೇಲೆ ಎರಡು ಮಾತು ಹೇಳಲೇಬೇಕು.

ಒಂದು, ಆರ್ಲಿಂಗ್ಟನ್ ಕಲ್ಲಿನ ಮೇಲೆ ಹೆನ್ಸನ್‌ನನ್ನು ಧ್ರುವದ ಸಹ-ಶೋಧಕ ಅಂತ ಕರೆದಿದ್ದಾರೆ. ಒಬ್ಬನಿದ್ದ ಕಡೆ ಇಬ್ಬರಾದರು, ಸಂತೋಷ. ಆದರೆ ಲೆಕ್ಕ ಎರಡಕ್ಕೇ ನಿಂತಿತು. ಊಟಾ, ಎಗಿಂಗ್ವಾ, ಸೀಗ್ಲೂ, ಊಕೇಯಾ ಸಹ-ಶೋಧಕರಲ್ಲವಾ? ಅವರಿಲ್ಲದೆ ಮಿಕ್ಕಿಬ್ಬರು ಅಲ್ಲಿಗೆ ಹೋಗುತ್ತಿರಲಿಲ್ಲ, ಹೋದರೂ ವಾಪಸ್ ಬರುತ್ತಿರಲಿಲ್ಲ. ಪಿಯರಿಯ ಏಕವಚನವನ್ನು ಒಡೆದ ಕೈಗಳು ದ್ವಿವಚನದ ಹತ್ತಿರ ಬಂದು ಸುಸ್ತಾದವು.

ಎರಡು, ಈ ಪುಸ್ತಕ ಅಪ್ಪಂದಿರನ್ನು ಹುಡುಕಿಕೊಂಡು ಹೋಗುತ್ತೆ. ಅಮ್ಮಂದಿರು ಅದರಲ್ಲಿ ಬರ್ತಾರೆ, ಹೆಸರೂ ಇದೆ, ಆದರೆ ದಾರಿ ಕೇಳೋಕೆ ನಿಲ್ಲಿಸಿದ ಮನೆಯವರ ಹಾಗೆ ಬಂದು ಹೋಗ್ತಾರೆ. ಅಪ್ಪನಿಗೆ ಎರಡು ಗೋರಿ, ಎರಡು ಸಂಸ್ಕಾರ ಆಯಿತು. ಆ ಮಕ್ಕಳನ್ನು ಸಾಕಿದ ಅಕಾಟಿಂಗ್ವಾ, ಅಲೆಕಾಸಿನಾ ಹೇಗೆ ಬದುಕಿದರು, ಬಿಟ್ಟು ಹೋದವರ ಬಗ್ಗೆ ಮಕ್ಕಳಿಗೆ ಏನು ಹೇಳಿದರು? ಎಂಬತ್ತು ವರ್ಷ ಆದರೂ ಆ ಮಗ ಅಪ್ಪನನ್ನು ದ್ವೇಷಿಸದೆ ನೋಡಬೇಕು ಅಂತ ಕಾದಿದ್ದ ಅಂದರೆ, ಅಪ್ಪನನ್ನು ಅಲ್ಲಿ ನೆನಪಿನಲ್ಲಿ ಉಳಿಸಿದವರು ಯಾರು? ನೆನಪು ಇಟ್ಟುಕೊಂಡವರನ್ನೇ ನೆನಪಿನ ಪುಸ್ತಕ ಪಕ್ಕಕ್ಕೆ ಸರಿಸಿತು ಅನ್ನೋದು ನನ್ನ ತಕರಾರು.

ನಾಲ್ಕನೆಯ ಪುಸ್ತಕ ಇವೆಲ್ಲದಕ್ಕಿಂತ ಕಹಿ. ಕೆನ್ ಹಾರ್ಪರ್ 1986ರಲ್ಲಿ ಪ್ರಕಟಿಸಿದ 'ಗಿವ್ ಮಿ ಮೈ ಫಾದರ್ಸ್ ಬಾಡಿ'. ಅಪ್ಪನ ದೇಹ ನನಗೆ ಕೊಡಿ ಅಂತ ಅರ್ಥ. 1897ರಲ್ಲಿ ಪಿಯರಿ ಗ್ರೀನ್‌ಲ್ಯಾಂಡಿನಿಂದ ಹಡಗಿನಲ್ಲಿ ಎರಡು ಥರದ ಸರಕು ತಂದ. ಒಂದು, ಅಲ್ಲಿನ ಜನ ತಲೆಮಾರುಗಳಿಂದ ಚಾಕು, ಈಟಿಮೊನೆಗೆ ಕಬ್ಬಿಣ ಕಿತ್ತುಕೊಳ್ಳುತ್ತಿದ್ದ, ಮೂವತ್ತು ಟನ್ನಿಗೂ ಹೆಚ್ಚು ತೂಕದ ಉಲ್ಕಾಶಿಲೆ. ಇನ್ನೊಂದು, ಆರು ಜನ ಇನುಯಿಟ್ ಮನುಷ್ಯರು. ಅವರನ್ನು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಇಟ್ಟರು. ಕೆಲವೇ ತಿಂಗಳಲ್ಲಿ ನಾಲ್ವರು ಕಾಯಿಲೆಯಿಂದ ಸತ್ತರು. ಸತ್ತವರಲ್ಲಿ ಒಬ್ಬ ಕಿಸುಕ್. ಅವನ ಮಗ ಮಿನಿಕ್ ಆಗ ಏಳೆಂಟು ವರ್ಷದ ಹುಡುಗ. ಹುಡುಗನ ಸಮಾಧಾನಕ್ಕೆ ಒಂದು ಸುಳ್ಳು ಶವಸಂಸ್ಕಾರ ನಡೆಯಿತು. ಬಟ್ಟೆ ಸುತ್ತಿದ ಒಂದು ಮರದ ದಿಮ್ಮಿಯನ್ನು ಮಣ್ಣು ಮಾಡಿದರು. ಅಪ್ಪನ ಮೂಳೆಗಳು ಮ್ಯೂಸಿಯಂನಲ್ಲಿ ಉಳಿದವು. ದೊಡ್ಡವನಾದ ಮೇಲೆ ಮಿನಿಕ್‌ಗೆ ಸತ್ಯ ಗೊತ್ತಾಯಿತು. ಅಪ್ಪನನ್ನು ಕೊಡಿ ಅಂತ ಕೇಳಿದ, ಸಿಗಲಿಲ್ಲ. 1918ರ ಇನ್‌ಫ್ಲುಯೆಂಜಾದಲ್ಲಿ ಅಮೆರಿಕದಲ್ಲೇ ಸತ್ತ. ಆ ನಾಲ್ವರ ಮೂಳೆಗಳು ಗ್ರೀನ್‌ಲ್ಯಾಂಡಿನ ಕಾನಾಕ್‌ಗೆ ಮರಳಿ ಮಣ್ಣು ಸೇರಿದ್ದು 1993ರಲ್ಲಿ.

ಒಬ್ಬನ ಮಗ ಅಪ್ಪನ ಗೋರಿ ಹುಡುಕಿಕೊಂಡು ಅಮೆರಿಕಕ್ಕೆ ಹೋದ, ಇನ್ನೊಬ್ಬನ ಮಗನಿಗೆ ಅಮೆರಿಕದಲ್ಲಿ ಅಪ್ಪನ ಗೋರಿಯೇ ಸುಳ್ಳಾಯಿತು. ಇವೆರಡನ್ನೂ ಒಟ್ಟಿಗೆ ಓದದೆ ಧ್ರುವ ಯಾತ್ರೆಯ ಯಾವ ಪುಸ್ತಕವನ್ನೂ ಓದಿದ ಹಾಗಾಗಲ್ಲ. ಹಾರ್ಪರ್ ಪುಸ್ತಕ ಯಾರನ್ನೂ ವೀರನನ್ನಾಗಿ ಮಾಡೋದಿಲ್ಲ, ಕಾಗದಪತ್ರ ತೆಗೆದು ಮುಂದೆ ಇಡುತ್ತಾ ಹೋಗುತ್ತೆ. ನಾಲ್ಕರಲ್ಲಿ ನನಗೆ ಹೆಚ್ಚು ನಂಬಿಕೆ ಬಂದಿದ್ದು ಇದರ ಮೇಲೆ.

*

ಸರಿ, ಇದಕ್ಕೂ ರಾಮನಗರ, ಮಾಗಡಿಗೂ ಏನು ಸಂಬಂಧ ಅಂತ ಕೇಳಬಹುದು. ಚಳಿ ಅಂದರೆ ಸಾವನದುರ್ಗದ ಬೆಳಗಿನ ಮಂಜು ಅಷ್ಟೇ ಗೊತ್ತಿರೋ ನಾಡು ನಮ್ಮದು. ಆದರೆ ನಾವೂ ಒಬ್ಬ ಪ್ರವಾಸಿಯ ಪುಸ್ತಕದ ಒಳಗೆ ಇದ್ದೇವೆ. ಟಿಪ್ಪು ಬಿದ್ದ ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆ ಸುತ್ತಿದ. ಮಾಗಡಿ, ರಾಮಗಿರಿ, ಚನ್ನಪಟ್ಟಣ ಎಲ್ಲಾ ನೋಡಿದ. ಚನ್ನಪಟ್ಟಣದವರು ಗಾಜಿನ ಬಳೆ ಮಾಡೋದು, ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯೋದು ಎಲ್ಲಾ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಬೆಳೆ, ಮಣ್ಣು, ಜಾತಿ, ಕಂದಾಯ, ಇವತ್ತಿಗೂ ಇತಿಹಾಸ ಬರೆಯೋರಿಗೆ ಅದು ಗಣಿ. ಅವನಿಗೆ ದಾರಿ ತೋರಿಸಿದವರು, ಡೇರೆ ಹೊತ್ತವರು, ಅವನಿಗೆ ಅರ್ಥವಾಗದ ಕನ್ನಡವನ್ನು ತಿಳಿಸಿ ಹೇಳಿದವರು ನಮ್ಮ ಮುತ್ತಜ್ಜನ ಮುತ್ತಜ್ಜಂದಿರು. ಪುಸ್ತಕದ ಮೇಲೆ ಹೆಸರು ಒಂದೇ. ಊಟಾನ ಮೊಮ್ಮಕ್ಕಳು ಪಿಯರಿಯ ಪುಸ್ತಕವನ್ನು ಹೇಗೆ ನೋಡಬಹುದೋ, ನಾವು ಬುಕಾನನ್‌ನನ್ನು ಹಾಗೆ ನೋಡೋಕೆ ಅಡ್ಡಿಯಿಲ್ಲ.

ಇಂಥ ಪುಸ್ತಕಗಳನ್ನು ಕನ್ನಡಕ್ಕೆ ತಂದವರು ಎಚ್.ಎಲ್. ನಾಗೇಗೌಡರು. 'ಪ್ರವಾಸಿ ಕಂಡ ಇಂಡಿಯಾ' ಅನ್ನೋ ಅವರ ಸಂಪುಟಗಳು ಹೊರಗಿನವರು ನಮ್ಮನ್ನು ಹೇಗೆ ಕಂಡರು ಅಂತ ಹೇಳುತ್ತವೆ. ಅದೇ ನಾಗೇಗೌಡರು ರಾಮನಗರದ ಪಕ್ಕ, ಮೈಸೂರು ರಸ್ತೆಯಲ್ಲಿ, 1994ರಲ್ಲಿ ಜಾನಪದ ಲೋಕ ಕಟ್ಟಿದರು. ಅದು ನಮ್ಮವರು ತಮ್ಮನ್ನು ತಾವು ಹೇಗೆ ಕಂಡುಕೊಂಡರು ಅನ್ನೋದರ ಸಂಗ್ರಹ. ಎರಡೂ ಕೆಲಸ ಒಬ್ಬರೇ ಮಾಡಿದ್ದು ಆಕಸ್ಮಿಕ ಅಂತ ನನಗೆ ಅನ್ನಿಸಲ್ಲ. ವೀಕೆಂಡ್ ಮೈಸೂರಿಗೆ ಹೋಗುವಾಗ ಪಕ್ಕದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದು ಹಾಗೇ ಹೋಗೋ ನಾವು ಒಂದು ಸಲ ಒಳಗೂ ಹೋಗಿ ಬರಬೇಕು.

ನಮ್ಮ ಕಡೆ ಪೂರ್ವಜರ ಲೆಕ್ಕ ಇಟ್ಟವರು ಹೆಳವರು. ಹೆಳವ ಅಂದರೆ ಕಾಲಿಲ್ಲದವನು ಅಂತ ಅರ್ಥ. ಎತ್ತಿನ ಮೇಲೆ ಕಾಲು ಮಡಚಿ ಕೂತು, ಕಂಬಳಿ ಹೊದ್ದು ಊರೂರು ತಿರುಗುತ್ತಿದ್ದರು. ಜಗತ್ತಿನಲ್ಲಿ ಇಷ್ಟು ದೂರ ತಿರುಗಿದ ಕಾಲಿಲ್ಲದವರು ಬೇರೆ ಇರಲಿಕ್ಕಿಲ್ಲ. ಸುಗ್ಗಿ ಆದಮೇಲೆ ಬಂದು, ಜಗುಲಿ ಮುಂದೆ ನಿಂತು, ಈ ಮನೆಯವರು ಮೂಲ ಯಾವ ಊರಿನವರು, ಬರ ಬಂದು ಬಿಟ್ಟರೋ ಜಗಳ ಆಡಿ ಬಿಟ್ಟರೋ, ಯಾವ ಹೊಳೆ ದಾಟಿ ಬಂದರು, ಮನೆದೇವರು ಯಾವುದು, ಯಾರ ಮಗ ಯಾರು, ಎಲ್ಲಾ ಒಪ್ಪಿಸುತ್ತಿದ್ದರು. ಕೊಟ್ಟ ರಾಗಿ, ಬಟ್ಟೆ ತಗೊಂಡು ಮುಂದಿನ ಮನೆಗೆ. ಇಂತಿಂಥ ಮನೆತನಕ್ಕೆ ಇಂತಿಂಥ ಹೆಳವರು ಅಂತ ಗೊತ್ತುಪಾಡು ಇತ್ತು. ಪಿಯರಿಯ ಪುಸ್ತಕದ ಜೊತೆ ಹೋಲಿಸಿದರೆ ಈ ವಿಧಾನ ಎಷ್ಟೋ ಮೇಲು. ಇದರಲ್ಲಿ ಏಕವಚನ ಇಲ್ಲ. ಊರು ಬಿಟ್ಟು ಬಂದವನು ಒಬ್ಬನೇ ಬರಲ್ಲ, ಅಣ್ಣತಮ್ಮಂದಿರ ಜೊತೆ, ದೇವರ ಪೆಟ್ಟಿಗೆ ಜೊತೆ ಬರ್ತಾನೆ. ಮತ್ತೆ ಈ ದಾಖಲೆ ಮನೆಯವರ ಕೈಯಲ್ಲಿ ಇರಲ್ಲ, ಇನ್ನೊಬ್ಬರ ಕೈಯಲ್ಲಿ ಇರುತ್ತೆ. ನಮ್ಮ ಹೊಗಳಿಕೆ ನಾವೇ ತಿದ್ದಿಕೊಳ್ಳೋಕೆ ಆಗಲ್ಲ.

ಆದರೆ ಇಲ್ಲೂ ಅದೇ ತೂತು. ನಾನು ಹೈಸ್ಕೂಲಿನಲ್ಲಿದ್ದಾಗ ಹೆಳವಯ್ಯ ನಮ್ಮ ಮನೆಯ ಏಳೆಂಟು ತಲೆ ಗಂಡಸರ ಹೆಸರು ಒಪ್ಪಿಸಿ ಮುಗಿಸಿದಾಗ ನಮ್ಮಜ್ಜಿ ಕೇಳಿದರು, "ಅದ್ಸರಿ ಕಣಪ್ಪ, ನನ್ನೆಸ್ರು ಎಲ್ಲೈತೆ?"

"ನಿಂದು ನಿಮ್ಮಪ್ಪನ ಮನೆ ಕಡೆ ಹೆಳವನ ತಾವ ಕೇಳ್ಬೇಕು ಕಣವ್ವ."

"ಅಲ್ಲಿ ಕೇಳುದ್ರೆ ಮದ್ವೆ ಮಾಡಿ ಕಳ್ಸುದ್ವಲ್ಲ ಅಂತರೆ. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ನಾನೇನು ಆಕಾಸದಿಂದ ಉದುರುದ್ನಾ?"

ಹೆಳವಯ್ಯ ನಕ್ಕರು, ಅಜ್ಜಿ ನಗಲಿಲ್ಲ. ಮೊರದ ತುಂಬ ರಾಗಿ ತಂದು ಸುರಿದು ಒಳಗೆ ಹೋದರು. ರಾತ್ರಿ ಎರಡು ಗಂಟೆಗೆ ಎದ್ದು ರೇಷ್ಮೆಹುಳಕ್ಕೆ ಸೊಪ್ಪು ಹಾಕಿ, ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಟ್ಟು, ಆ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ ದುಡ್ಡಾಗಿ, ಆ ದುಡ್ಡು ಮೂವರು ಮೊಮ್ಮಕ್ಕಳ ಕಾಲೇಜು ಫೀಸಾಯಿತು. ಗೂಡಿನ ಚೀಟಿ ಮೇಲೆ ತಾತನ ಹೆಸರು ಇರುತ್ತಿತ್ತು. ಕೆಲವು ವರ್ಷ ಆದಮೇಲೆ ಹೆಳವಯ್ಯನ ಮಗ ವ್ಯಾನಿನಲ್ಲಿ ಬಂದ, ಕೈಯಲ್ಲಿ ದಪ್ಪ ಪುಸ್ತಕ. ನಮ್ಮ ಸೋದರತ್ತೆ ಅವನನ್ನು ಕೂರಿಸಿಕೊಂಡು, ಕಾಫಿ ಕೊಟ್ಟು, ಮನೆಗೆ ಬಂದ ಸೊಸೆಯರು, ಹೊರಗೆ ಹೋದ ಹೆಣ್ಣುಮಕ್ಕಳು ಎಲ್ಲರ ಹೆಸರೂ ಬರೆಸಿದರು. ಅವನು ಆಗಲ್ಲ ಅನ್ನಲಿಲ್ಲ. ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಕಣಕ್ಕ ಅಂದ, ಅಷ್ಟೇ. ಅಜ್ಜಿಯ ಹೆಸರು ಈಗ ಆ ಪುಸ್ತಕದಲ್ಲಿದೆ.

ಸಂಪ್ರದಾಯ ಹಾಗೇ, ಬದಲಾಯಿಸೋಕೆ ಆಗಲ್ಲ ಅನ್ನೋರಿಗೆ ಇನ್ನೊಂದು ಸಾಕ್ಷಿ ಕೊಡ್ತೀನಿ. ಚನ್ನಪಟ್ಟಣ ದಾಟಿದರೆ ಸಿಗೋದು ಮದ್ದೂರು ತಾಲ್ಲೂಕು. ಅಲ್ಲಿನ ಆತಕೂರಿನಲ್ಲಿ ಸಿಕ್ಕ ಒಂದು ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಸುಮಾರು ಕ್ರಿ.ಶ. 949. ಗಂಗರ ಬೂತುಗನ ಕಡೆಯ ಮಣಲೆರ ಅನ್ನೋ ವೀರ ಯುದ್ಧದಲ್ಲಿ ಪರಾಕ್ರಮ ತೋರಿಸಿದ್ದಕ್ಕೆ ಏನು ಬೇಕು ಅಂತ ಕೇಳಿದಾಗ ಅವನು ಕೇಳಿದ್ದು ಊರು, ಹೊನ್ನು ಅಲ್ಲ, ಒಂದು ಬೇಟೆನಾಯಿ. ಹೆಸರು ಕಾಳಿ. ಆ ನಾಯಿ ದೊಡ್ಡ ಹಂದಿಯ ಜೊತೆ ಹೋರಾಡಿ ಎರಡೂ ಸತ್ತವು. ಮಣಲೆರ ಅದಕ್ಕೊಂದು ಕಲ್ಲು ನಿಲ್ಲಿಸಿ, ಪೂಜೆ ನಡೆಯಲಿ ಅಂತ ಭೂಮಿ ಬಿಡಿಸಿದ. ಯುದ್ಧ ಗೆದ್ದ ರಾಜರ ಸುದ್ದಿ ಅದೇ ಕಲ್ಲಿನಲ್ಲಿದೆ, ನಾಯಿಯ ಹೆಸರೂ ಅದೇ ಕಲ್ಲಿನಲ್ಲಿದೆ. ಪಿಯರಿ ಕೊನೆಯ ಹಂತಕ್ಕೆ ಒಯ್ದ ನಾಯಿಗಳು 40. ಅವುಗಳ ಲೆಕ್ಕ ಇದೆ, ಕಲ್ಲು ಇಲ್ಲ. ಸಾವಿರ ವರ್ಷದ ಹಿಂದೆ ನಮ್ಮ ಪಕ್ಕದ ತಾಲ್ಲೂಕಿನಲ್ಲಿ ನಾಯಿಯ ಹೆಸರು ಬರೆಸೋಕೆ ಜಾಗ ಸಿಕ್ಕಿತ್ತು ಅಂದರೆ, ಅಜ್ಜಿಯ ಹೆಸರಿಗೆ ಜಾಗ ಇಲ್ಲ ಅನ್ನೋ ಮಾತು ನಡೆಯಲ್ಲ.

ನಮ್ಮ ಸಾಫ್ಟ್‌ವೇರ್ ಫೀಲ್ಡಿನಲ್ಲಿ ಗಿಟ್ ಅನ್ನೋದು ಇದೆ, ಗೊತ್ತಿರೋರಿಗೆ ಗೊತ್ತು. ಯಾವ ಸಾಲನ್ನು ಯಾರು, ಯಾವಾಗ ಬರೆದರು ಅಂತ ಅದು ಮರೆಯದೆ ಇಟ್ಟುಕೊಂಡಿರುತ್ತೆ. ಅಷ್ಟು ಪಕ್ಕಾ ದಾಖಲೆ ಇದ್ದರೂ ಏನಾಗುತ್ತೆ ನೋಡಿ. ನಾನು ಕೆಲಸ ಮಾಡಿದ ಒಂದು ಕಡೆ ದೊಡ್ಡ ರಿಲೀಸ್ ಮುಗಿದ ಮೇಲೆ ಬಂದ ಥ್ಯಾಂಕ್ಸ್ ಮೇಲಿನಲ್ಲಿ ಐದು ಹೆಸರಿತ್ತು. ಹಿಂದಿನ ರಾತ್ರಿ ಮೂರು ಗಂಟೆಗೆ ಎಲ್ಲವನ್ನೂ ಉರುಳಿಸಬಹುದಾಗಿದ್ದ ತಪ್ಪನ್ನು ಹಿಡಿದ ಟೆಸ್ಟಿಂಗ್ ಹುಡುಗಿಯ ಹೆಸರು ಇರಲಿಲ್ಲ. ಅವಳು ಕೋಡ್ ಬರೆದಿರಲಿಲ್ಲವಲ್ಲ, ಹಾಗಾಗಿ ಗಿಟ್‌ಗೂ ಅವಳು ಗೊತ್ತಿಲ್ಲ. ದಾಖಲೆ ಎಷ್ಟು ಕರಾರುವಾಕ್ಕು ಅನ್ನೋದಲ್ಲ ಪ್ರಶ್ನೆ. ಯಾವುದನ್ನು ಕೆಲಸ ಅಂತ ಎಣಿಸ್ತೀವಿ ಅನ್ನೋದು.

ಹಾಗಾಗಿ ಹಿರಿಯರ ಸಾಹಸದ ಯಾವ ಪುಸ್ತಕ ಕೈಗೆ ಬಂದರೂ ಮೂರು ಪ್ರಶ್ನೆ ಹಾಕಿ ಓದೋದು ಒಳ್ಳೇದು. ಜೊತೆಗೆ ಯಾರ್ಯಾರು ಹೋದರು? ಅವರು ಹೋಗೋಕೆ ಹಿಂದೆ ಉಳಿದು ದುಡಿದವರು ಯಾರು? ಖಾತ್ರಿಯಾಗಿ ಗೊತ್ತಿಲ್ಲದ್ದು ಎಷ್ಟು, ಅದನ್ನು ಪುಸ್ತಕ ಒಪ್ಪಿಕೊಳ್ಳುತ್ತಾ? ಪಿಯರಿ ಮೂರರಲ್ಲೂ ಫೇಲ್. ಹೆನ್ಸನ್ ಮೊದಲನೆಯದರಲ್ಲಿ ಪಾಸ್, ಎರಡನೆಯದರಲ್ಲಿ ಇಲ್ಲ. ಕೌಂಟರ್ ಎರಡನೆಯದರ ಬಾಗಿಲವರೆಗೆ ಬಂದು ನಿಂತರು. ಹಾರ್ಪರ್ ಮೂರನೆಯದರಲ್ಲಿ ಗೆದ್ದರು.

ಈ ಪ್ರಶ್ನೆಗಳು ನಮಗೆ ಬೇಗ ಬೇಕಾಗುತ್ತವೆ. ಎಸ್.ಜಡ್. ಖಾಸಿಂ ನೇತೃತ್ವದಲ್ಲಿ 21 ಜನರ ಮೊದಲ ಭಾರತೀಯ ತಂಡ ಗೋವಾದಿಂದ ಹೊರಟು ಅಂಟಾರ್ಕ್ಟಿಕಾದ ಮೇಲೆ ಕಾಲಿಟ್ಟಿದ್ದು 1982ರ ಜನವರಿಯಲ್ಲಿ. 1983ರಲ್ಲಿ ಹೊರಟ ಮೂರನೆಯ ತಂಡದಲ್ಲಿ ಅದಿತಿ ಪಂತ್, ಸುದೀಪ್ತಾ ಸೇನ್‌ಗುಪ್ತಾ ಇದ್ದರು. ಅಲ್ಲಿಂದ ಇಲ್ಲಿಯವರೆಗೆ ದಕ್ಷಿಣ ಗಂಗೋತ್ರಿ, ಮೈತ್ರಿ, ಭಾರತಿ ನೆಲೆಗಳಲ್ಲಿ ವರ್ಷಗಟ್ಟಲೆ ಕಾಲ ಕಳೆದು ಬಂದವರು ನೂರಾರು ಜನ. ಅವರ ಮಕ್ಕಳು ಮೊಮ್ಮಕ್ಕಳು "ನಮ್ಮ ತಾತ ಧ್ರುವಕ್ಕೆ ಹೋಗಿದ್ದರು" ಅಂತ ಬರೆಯೋ ಕಾಲ ಬಂದಿದೆ, ಕನ್ನಡದಲ್ಲೂ ಬರೆದಾರು. ಬರೆಯೋಕೆ ಮುಂಚೆ ತಾತನನ್ನು ಕೂರಿಸಿಕೊಂಡು ಕೇಳಲಿ: ಅಲ್ಲಿ ಅಡುಗೆ ಮಾಡಿದವರು ಯಾರು, ಚಳಿಗಾಲದ ಕತ್ತಲಲ್ಲಿ ಜನರೇಟರ್ ನಿಲ್ಲದ ಹಾಗೆ ನೋಡಿಕೊಂಡವರು ಯಾರು, ಹಡಗಿನಿಂದ ಸಾಮಾನು ಇಳಿಸಿದವರು ಯಾರು. ಆಮೇಲೆ ಅಡುಗೆಮನೆಗೆ ಹೋಗಿ ಅಜ್ಜಿಯನ್ನೂ ಕೇಳಲಿ, ಆ ಹದಿನಾರು ತಿಂಗಳು ಮನೆ ಹೇಗೆ ನಡೀತು ಅಂತ. ಹೆಸರು ಕೇಳಿ ಬರೆದುಕೊಳ್ಳೋಕೆ ಒಂದು ನೋಟ್‌ಬುಕ್ ಸಾಕು.